ಪುಕ್ಕಟೆಯೂ ಋಣವೂ

ಗೃಹಸ್ಥನ ಬಾಳು ಕೊಡುವ ಕೊಳ್ಳುವ ಬಾಳು. ಬೆಳಗಾಗೆದ್ದು ಹಾಲು ಕೊಳ್ಳುವುದು ಮೊದಲಾಗಿ ರಾತ್ರಿ ದೀಪ ಆರಿಸುವವರೆಗೆ ಅವನು ಒಂದಿಲ್ಲೊಂದನ್ನು ಕೊಡುತ್ತಲೂ ಕೊಳ್ಳುತ್ತಲೂ ಇರುವನು. ಈ ವ್ಯವಹಾರದಲ್ಲಿ ಮಾರುವವನು ಹೇಗಿರಬೇಕೆಂಬುದನ್ನು ಕುರಿತು ನಮ್ಮ ಹಿರಿಯರು ಸಾಕಷ್ಟು ಹೇಳಿದ್ದಾರೆ. ತಕ್ಕಡಿ ಸಮನಾಗಿರಬೇಕು, ಅಳತೆ ತುಂಬಿರಬೇಕು, ಕಲಬೆರಕೆ ಕೂಡದು, ಆಡುವ ಮಾತೊಂದು, ಮಾಡುವ ಕೃತಿಯೊಂದು ಆಗಬಾರದು. ಆದರೆ ಕೊಳ್ಳುವವನಿಗೂ ಒಂದು ಧರ್ಮವುಂಟೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕಡಿಮೆ ಬೆಲೆಗೆ ಸಿಕ್ಕಿದರೆ ಜಾಣತನ, ಹೆಚ್ಚು ತೆತ್ತರೆ ದಡ್ಡತನ. ಇಷ್ಟರಲ್ಲಿಯೇ ಕೊಳ್ಳುವವನ ನೀತಿಯೆಲ್ಲವೂ ಮುಗಿದುಹೋಯಿತೆಂಬಂತೆ ನಡೆದುಕೊಳ್ಳುತ್ತೇವೆ. ಇದು ಸರಿಯೆ ಎಂಬುದನ್ನು ವಾಚಕ ಮಹಾಶಯರೊಡನೆ ಕುಳಿತು ಸ್ವಲ್ಪ ವಿಚಾರಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಈ ವಿಚಾರ ನನ್ನ ಮನಸ್ಸನ್ನು ಹೊಕ್ಕದ್ದು 2023ರ ಬೇಸಿಗೆಯಲ್ಲಿ. ಆಗ ನಾನೂ ನಮ್ಮ ಮನೆಯವರೂ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಗನ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದೆವು. ಮೊಮ್ಮಗಳು ಶಾಲೆಯನ್ನು ಮುಗಿಸಿ ಕಾಲೇಜಿಗೆ ಹೊರಟು ನಿಂತಿದ್ದಳು. ಊರು ದೂರ, ಆಕೆಗೊಂದು ಹೊಸ ಮೊಬೈಲ್ ಫೋನು ಬೇಕಾಗಿದ್ದಿತು. ದೂರವಾಣಿ ಸೇವೆಯನ್ನು ನಡೆಸುವ ಕಂಪನಿಯ ಅಂಗಡಿಯಲ್ಲಿಯೇ ಅದನ್ನು ಕೊಳ್ಳಬೇಕೆ, ಇಲ್ಲವೆ ಮನೆಯಲ್ಲಿ ಕುಳಿತು ಆನ್‌ಲೈನ್ ಅಂಗಡಿಯಿಂದ ತರಿಸಬೇಕೆ ಎಂಬ ಪ್ರಶ್ನೆ ಎದ್ದಿತು. ಮಗನು ಒಂದನ್ನು ಹೇಳಿದನು. ಸೊಸೆಯು ಇನ್ನೊಂದನ್ನು ಹೇಳಿದಳು. ಮೂರು ಸಂಜೆಗಳ ಕಾಲ ಊಟದ ಹೊತ್ತಿನಲ್ಲಿ ಇದೇ ಮಾತು. ಮೊದಲು ನಾನು ಇದನ್ನು ಕೇವಲ ದುಡ್ಡಿನ ಲೆಕ್ಕವೆಂದು ಎಣಿಸಿ ಸುಮ್ಮನಿದ್ದೆನು. ಕ್ರಮೇಣ ಇದು ದುಡ್ಡಿನ ಲೆಕ್ಕವಷ್ಟೇ ಅಲ್ಲವೆಂದು ತಿಳಿಯತೊಡಗಿತು.

ನಮ್ಮ ನಾಡಿನ ಓದುಗರಿಗೆ ಅಲ್ಲಿಯ ಪದ್ಧತಿಯನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ನಮ್ಮಲ್ಲಿ ಸಾಮಾನ್ಯವಾಗಿ ಫೋನನ್ನು ಒಬ್ಬನಲ್ಲಿ ಕೊಳ್ಳುತ್ತೇವೆ, ಸಿಮ್ಮನ್ನು ಇನ್ನೊಬ್ಬನಿಂದ ಪಡೆಯುತ್ತೇವೆ. ಸೇವೆ ಸರಿಬರದಿದ್ದರೆ ಸಿಮ್ಮನ್ನು ಬದಲಾಯಿಸಿದರಾಯಿತು, ಫೋನು ನಮ್ಮದಾಗಿಯೇ ಉಳಿಯುತ್ತದೆ. ಅಮೆರಿಕದಲ್ಲಾದರೋ ಸೇವೆಯನ್ನು ನಡೆಸುವ ಕಂಪನಿಗಳೇ ಬಹುಕಾಲದಿಂದ ಫೋನುಗಳ ಮುಖ್ಯ ಮಾರಾಟಗಾರರೂ ಆಗಿವೆ. ಫೋನಿನ ಬೆಲೆಯನ್ನು ಇಳಿಸಿ, ಅದಕ್ಕೆ ಪ್ರತಿಯಾಗಿ ಎರಡು ವರ್ಷ ತಮ್ಮಲ್ಲಿಯೇ ಸೇವೆ ಪಡೆಯಬೇಕೆಂದು ಗಿರಾಕಿಯಿಂದ ಕರಾರು ಬರೆಸಿಕೊಳ್ಳುವುದು ಅವರ ಹಳೆಯ ಕ್ರಮ. ನಮ್ಮಲ್ಲಿಯೂ ಇದರ ನೆರಳು ಆಗಾಗ ಬಿದ್ದಿದೆ. 2003ರಲ್ಲಿ ರಿಲಯನ್ಸ್ ಕಂಪನಿಯು 501 ರೂಪಾಯಿಗಳನ್ನು ಮೊದಲಿಗೆ ಕಟ್ಟಿಸಿಕೊಂಡು ಫೋನು ಕೊಟ್ಟದ್ದೂ, 2017ರಲ್ಲಿ ಜಿಯೋ ಫೋನನ್ನು 1500 ರೂಪಾಯಿಗಳ ಠೇವಣಿಯ ಮೇಲೆ ಕೊಟ್ಟದ್ದೂ ಅನೇಕರಿಗೆ ನೆನಪಿರಬಹುದು. ಆದರೆ ನಮ್ಮಲ್ಲಿ ಅದು ರೂಢಿಯಾಗಿ ನೆಲೆಗೊಳ್ಳಲಿಲ್ಲ. ಅಲ್ಲಿ ಅದೇ ರೂಢಿ.

ಈ ಕ್ರಮದ ಸ್ವರೂಪವನ್ನು ತಿಳಿಯಲು ಒಂದು ಹಳೆಯ ಉದಾಹರಣೆ ಸಾಕು. 2007ರ ಜೂನ್ 29ರಂದು ಐಫೋನು ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದಿತು. ಎಟಿ ಅಂಡ್ ಟಿ ಎಂಬ ಒಂದೇ ಕಂಪನಿಯ ಸೇವೆಯಲ್ಲಿ ಮಾತ್ರ, ಎರಡು ವರ್ಷಗಳ ಕರಾರಿನೊಡನೆ ಅದು ದೊರೆಯುತ್ತಿತ್ತು. 8 ಜಿಬಿಯ ಫೋನಿಗೆ ಆರಂಭದಲ್ಲಿ 599 ಡಾಲರ್ ಬೆಲೆ. ಕೆಲವೇ ವಾರಗಳಲ್ಲಿ ಅದನ್ನು 399ಕ್ಕೆ ಇಳಿಸಲಾಯಿತು. ಮರುವರ್ಷ, 2008ರ ಜುಲೈಯಲ್ಲಿ, ಹೊಸ ಮಾದರಿಯು ಬರೇ 199 ಡಾಲರಿಗೆ ಬಂದಾಗ ಜನರು ಬೆಳಗಿನ ಜಾವದಲ್ಲಿಯೇ ಸಾಲುಗಟ್ಟಿ ನಿಂತರು. ಇನ್ನೂರು ಡಾಲರ್ ಉಳಿಯಿತೆಂದು ಎಲ್ಲರಿಗೂ ಸಂತೋಷ. ಆದರೆ ಅಂತರಜಾಲದ ಬಳಕೆಗಾಗಿ ಕೊಡಬೇಕಾದ ತಿಂಗಳ ಶುಲ್ಕವು ಅದೇ ವೇಳೆಯಲ್ಲಿ 20ರಿಂದ 30 ಡಾಲರಿಗೆ ಏರಿತ್ತು. ತಿಂಗಳಿಗೆ ಹತ್ತು ಡಾಲರಿನಂತೆ ಇಪ್ಪತ್ತನಾಲ್ಕು ತಿಂಗಳಿಗೆ 240 ಡಾಲರಾಯಿತು. ಮುಂಬಾಗಿಲಿನಲ್ಲಿ ಇನ್ನೂರು ಕೊಟ್ಟು ಹಿಂಬಾಗಿಲಿನಲ್ಲಿ ಇನ್ನೂರನಲವತ್ತನ್ನು ತೆಗೆದುಕೊಂಡಂತಾಯಿತಲ್ಲವೆ? ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ, ಎರಡು ಅಂಕಿಗಳೂ ಅಚ್ಚಾಗಿಯೇ ಇದ್ದವು. ಆದರೆ ಒಂದು ಅಂಕಿಯು ಅಂಗಡಿಯ ಗೋಡೆಯ ಮೇಲೆ ಆಳೆತ್ತರಕ್ಕೆ ನಿಂತಿತ್ತು. ಇನ್ನೊಂದು ಕರಾರಿನ ಹಾಳೆಯೊಳಗೆ ಕುಳಿತಿತ್ತು.

2013ರ ಮಾರ್ಚಿನಲ್ಲಿ ಟಿ-ಮೊಬೈಲ್ ಕಂಪನಿಯು ಎರಡು ವರ್ಷಗಳ ಈ ಕರಾರನ್ನು ಕೈಬಿಟ್ಟು, ಫೋನಿನ ಬೆಲೆ ಬೇರೆ, ಸೇವೆಯ ಬೆಲೆ ಬೇರೆ ಎಂದು ಪ್ರತ್ಯೇಕಿಸಿತು. ಉಳಿದ ದೊಡ್ಡ ಕಂಪನಿಗಳೂ ಕೆಲವು ವರ್ಷಗಳಲ್ಲಿ ಅದೇ ಹಾದಿಯನ್ನು ಹಿಡಿದವು. ಇನ್ನು ವ್ಯವಹಾರ ನಿಚ್ಚಳವಾಯಿತೆಂದು ಜನರು ತಿಳಿದರು. ಆದರೆ ಕಟ್ಟು ಹೋಗಲಿಲ್ಲ, ವೇಷವನ್ನು ಬದಲಾಯಿಸಿಕೊಂಡಿತು. ಈಗ ಕಂಪನಿಯು ಫೋನಿನ ಪೂರ್ತಿ ಬೆಲೆಯನ್ನು 24 ಅಥವಾ 36 ತಿಂಗಳುಗಳ ಕಂತುಗಳಾಗಿ ಹಂಚುತ್ತದೆ. ಪ್ರತಿ ತಿಂಗಳ ಬಿಲ್ಲಿನಲ್ಲಿ ಕಂತನ್ನು ಬರೆದು, ಅದರ ಕೆಳಗೆಯೇ ಅಷ್ಟನ್ನೇ ಅಥವಾ ಅದರಲ್ಲೊಂದು ಭಾಗವನ್ನು ರಿಯಾಯಿತಿಯಾಗಿ ಕಳೆಯುತ್ತದೆ. ಪೂರ್ತಿ ಕಳೆದರೆ ಆ ಫೋನು ‘ಪುಕ್ಕಟೆ’. ನಡುವೆ ಸೇವೆಯನ್ನು ಬಿಟ್ಟರೆ ಮುಂದಿನ ರಿಯಾಯಿತಿಗಳು ನಿಂತುಹೋಗುತ್ತವೆ. ಉಳಿದ ಕಂತುಗಳು ಮಾತ್ರ ಗಿರಾಕಿಯ ತಲೆಯ ಮೇಲೆ ನಿಲ್ಲುತ್ತವೆ.

ನಾವು ನಾಲ್ವರೂ ಒಂದು ಶನಿವಾರ ಅಂಥ ಒಂದು ಕಂಪನಿಯ ಅಂಗಡಿಗೆ ಹೋದೆವು. ಅಲ್ಲಿದ್ದ ಯುವಕನು ವಿನಯಶೀಲನು. ಮೊಮ್ಮಗಳ ಅಗತ್ಯವೇನೆಂಬುದನ್ನು ತಾಳ್ಮೆಯಿಂದ ಕೇಳಿದನು. ನಾಲ್ಕು ಫೋನುಗಳನ್ನು ಕೈಗೆ ಕೊಟ್ಟು ತೋರಿಸಿದನು. ಯಾವುದರ ಬ್ಯಾಟರಿ ದಿನಪೂರ್ತಿ ಬರುವುದು, ಯಾವುದರ ಗಾಜು ಗಟ್ಟಿ ಎಂಬುದನ್ನೆಲ್ಲ ವಿವರಿಸಿದನು. ಇಂಗ್ಲಿಷಿನಲ್ಲಿ ನಾನು ತಡವರಿಸಿ ಕೇಳಿದ ಪ್ರಶ್ನೆಗಳಿಗೂ ಬೇಸರಪಡದೆ ಉತ್ತರ ಕೊಟ್ಟನು. ಒಂದು ಗಂಟೆಗಿಂತಲೂ ಹೆಚ್ಚು ಕಾಲ ಹೀಗೆ ಕಳೆಯಿತು. ಕೊನೆಗೆ 800 ಡಾಲರಿನ ಒಂದು ಫೋನು ಆಕೆಗೆ ತಕ್ಕದ್ದೆಂದು ಗೊತ್ತಾಯಿತು. ಅದು 36 ತಿಂಗಳ ಕಂತಿನಲ್ಲಿ ಪುಕ್ಕಟೆಯಾಗಿಯೇ ದೊರೆಯುವುದೆಂದೂ ಆ ಯುವಕನು ಹೇಳಿದನು. ಆಲೋಚಿಸಿ ಬರುತ್ತೇವೆಂದು ಹೇಳಿ ನಾವು ಮನೆಗೆ ಬಂದೆವು.

ಆ ರಾತ್ರಿ ಮಗನೂ ನಾನೂ ಒಂದು ಕಾಗದವನ್ನು ಮುಂದಿಟ್ಟುಕೊಂಡು ಕುಳಿತೆವು. ಪುಕ್ಕಟೆಯ ಫೋನಿಗೆ ತಿಂಗಳಿಗೆ 85 ಡಾಲರಿನ ಮೇಲುದರ್ಜೆಯ ಸೇವೆಯನ್ನೇ ಪಡೆಯಬೇಕೆಂಬುದು ನಿಯಮ. ಹುಡುಗಿಯ ಅಗತ್ಯಕ್ಕೆ 45 ಡಾಲರಿನ ಸೇವೆ ಧಾರಾಳವಾಗಿ ಸಾಕು. ವ್ಯತ್ಯಾಸ ತಿಂಗಳಿಗೆ 40 ಡಾಲರ್. 36 ತಿಂಗಳಿಗೆ 1440 ಡಾಲರ್. ಫೋನಿನ ಬೆಲೆಯಾದರೋ 800. ಅಂದರೆ ಪುಕ್ಕಟೆಯಾಗಿ ಕೊಂಡರೆ, ದುಡ್ಡು ಕೊಟ್ಟು ಕೊಂಡುದಕ್ಕಿಂತ 640 ಡಾಲರ್ ಹೆಚ್ಚು! ಮೇಲಾಗಿ ಆ ರಾಜ್ಯದಲ್ಲಿ ಇಂಥ ಫೋನಿಗೂ ಪೂರ್ತಿ ಬೆಲೆಯ ಮೇಲೆಯೇ ಮಾರಾಟ ತೆರಿಗೆಯನ್ನು ಕಟ್ಟಬೇಕು. ಸರ್ಕಾರದ ಕಣ್ಣಿನಲ್ಲಿ ಅದು ಎಂದೂ ಪುಕ್ಕಟೆಯಲ್ಲ! ಹುಡುಗಿಯು ಒಂದು ವರ್ಷದ ಮೇಲೆ ಬೇರೊಂದು ಕಂಪನಿಗೆ ಹೋಗಬೇಕೆಂದರೆ ಉಳಿದ 24 ಕಂತುಗಳ 533 ಡಾಲರನ್ನು ಕೂಡಲೇ ತೆರಬೇಕು.

ಇದನ್ನು ನೋಡಿದ ನಮ್ಮ ಮನೆಯವರು, “ಹಾಗಾದರೆ ಪುಕ್ಕಟೆ ಅನ್ನೋದು ಯಾತಕ್ಕೆ? ಮೂರು ವರ್ಷ ನಮ್ಮಲ್ಲೇ ಇರಿ, ಫೋನಿನ ದುಡ್ಡು ಸೇವೆಯ ದುಡ್ಡಿನಲ್ಲಿ ಸೇರಿದೆ ಅಂತ ಹೇಳಿದರಾಗದೆ?” ಎಂದು ಕೇಳಿದರು. ನೈತಿಕ ಪ್ರಶ್ನೆಯ ತಿರುಳೆಲ್ಲವೂ ಈ ಮಾತಿನಲ್ಲಿದೆಯೆಂದು ನನಗೆ ತೋರಿತು. ಕಂತಿನಲ್ಲಿ ಮಾರುವುದು ಪಾಪವಲ್ಲ. ಲಾಭ ಪಡೆಯುವುದೂ ಪಾಪವಲ್ಲ. ಲಾಭವಿಲ್ಲದೆ ಯಾವ ಅಂಗಡಿಯೂ ನಿಲ್ಲಲಾರದು. ಆದರೆ ಋಣವನ್ನು ದಾನವೆಂಬ ಹೆಸರಿನಿಂದ ಕರೆಯುವುದು ಮಾತಿಗೆ ಮಾಡುವ ಅಪಚಾರ. ದಾನದಲ್ಲಿ ಕೊಟ್ಟವನ ಕೈ ಬಿಟ್ಟುಹೋಗುತ್ತದೆ. ಋಣದಲ್ಲಿ ಕೊಟ್ಟವನ ಕೈ ಹಿಡಿದುಕೊಂಡೇ ಇರುತ್ತದೆ. ಈ ಭೇದವನ್ನು ಮಾರುವವನು ಮರೆಸಿದರೆ ಅದು ಅವನ ತಪ್ಪು. ಆದರೆ ಅದನ್ನು ಮರೆಯಲು ಕೊಳ್ಳುವವನೂ ಸಿದ್ಧನಾಗಿಯೇ ಬಂದಿರುತ್ತಾನಲ್ಲ! ಏನನ್ನೂ ಕೊಡದೆ ಏನೋ ಬರಬೇಕೆಂಬ ಆಸೆ ನಮ್ಮೊಳಗೆ ಇಲ್ಲದಿದ್ದರೆ ಆ ಶಬ್ದಕ್ಕೆ ಗೋಡೆಯ ಮೇಲೆ ಅಷ್ಟು ದೊಡ್ಡ ಸ್ಥಾನವೆಲ್ಲಿಂದ ಬಂದೀತು? ನಮ್ಮ ದೇಶದಲ್ಲಿಯೂ 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು, ಬಡ್ಡಿಯೇ ಇಲ್ಲದ ಕಂತಿನ ಸಾಲವೆಂಬುದು ವಾಸ್ತವವಾಗಿ ಇಲ್ಲದ ವಸ್ತುವೆಂದು ಬ್ಯಾಂಕುಗಳಿಗೆ ಸ್ಪಷ್ಟವಾಗಿ ತಿಳಿಸಬೇಕಾಯಿತು. ಬಡ್ಡಿಯು ಎಲ್ಲಿಯೋ ಒಂದು ಕಡೆ ಅಡಗಿಯೇ ಇರುತ್ತದೆ.

ಈ ಋಣವು ಮನುಷ್ಯನನ್ನು ಹೇಗೆ ಕಟ್ಟಬಲ್ಲುದೆಂಬುದನ್ನು ನಮ್ಮ ಮಗನ ನೆರೆಯಲ್ಲಿದ್ದ ಒಬ್ಬ ತರುಣನು ಅನುಭವಿಸಿದ್ದನು. ಅವನು ನಮ್ಮ ಹುಬ್ಬಳ್ಳಿಯ ಕಡೆಯವನು. ಕಂಪನಿಯ ಅಂಗಡಿಯಲ್ಲಿ ಕಂತಿನ ಮೇಲೆ ಫೋನನ್ನು ಪಡೆದು, ಪುಕ್ಕಟೆಯಾಗಿ ಬಂದಿತೆಂದು ತಾಯಿಗೆ ಬರೆದಿದ್ದನು. ಹದಿನಾಲ್ಕು ತಿಂಗಳು ಕಳೆಯುವುದರೊಳಗೆ ತಂದೆಗೆ ಕಾಯಿಲೆ ಹೆಚ್ಚಾಯಿತೆಂದು ಸುದ್ದಿ ಬಂದಿತು. ಕೆಲಸವನ್ನು ಬಿಟ್ಟು, ಸೇವೆಯನ್ನು ನಿಲ್ಲಿಸಿ, ಸಿಕ್ಕಿದ ವಿಮಾನದಲ್ಲಿ ಹೊರಟುಬಿಟ್ಟನು. ಬಾಕಿ ಇದ್ದ ಇಪ್ಪತ್ತೆರಡು ಕಂತುಗಳ ವಿಚಾರ ಆ ಆತುರದಲ್ಲಿ ಅವನ ನೆನಪಿಗೆ ಬರಲಿಲ್ಲ. ಬೆಂಗಳೂರಿನಲ್ಲಿ ಇಳಿದು ಇಲ್ಲಿಯ ಸಿಮ್ಮನ್ನು ಹಾಕಿದರೆ ಫೋನು ಅದನ್ನು ಒಪ್ಪಲೊಲ್ಲದು. ಬಾಕಿ ತೀರುವವರೆಗೆ ಅದು ಆ ಒಂದು ಕಂಪನಿಯ ಸೇವೆಗೆ ಮಾತ್ರ ಬೀಗ ಹಾಕಲ್ಪಟ್ಟಿತ್ತು. ಕೈಯಲ್ಲಿ ಎಂಟುನೂರು ಡಾಲರಿನ ಯಂತ್ರವಿದ್ದರೂ, ತಂದೆಯವರು ಹೇಗಿದ್ದಾರೆಂದು ಕೇಳುವುದಕ್ಕೆ ಅವನು ಪಕ್ಕದಲ್ಲಿ ನಿಂತಿದ್ದ ಅಪರಿಚಿತನ ಫೋನನ್ನು ಬೇಡಬೇಕಾಯಿತು. “ಮೋಸ ಹೋದೆ ಎಂದು ಹೇಳಲಾರೆ, ಕಾಗದದಲ್ಲಿ ಎಲ್ಲವೂ ಬರೆದಿತ್ತು. ಆದರೆ ಆ ಫೋನು ನನ್ನದೆಂದು ತಿಳಿದಿದ್ದೆ, ಅದು ನನ್ನದಾಗಿರಲಿಲ್ಲ” ಎಂದು ಮುಂದೆ ಮರಳಿ ಬಂದಾಗ ನಮ್ಮ ಮಗನಿಗೆ ಹೇಳಿದನಂತೆ.

ಈ ಬೀಗದ ವಿಷಯದಲ್ಲಿ ಆ ದೇಶದಲ್ಲಿಯೂ ದೊಡ್ಡ ವಾದವೇ ನಡೆಯಿತು. ಯಂತ್ರದೊಳಗಿನ ತಂತ್ರಾಂಶದ ಬೀಗಗಳನ್ನು ಒಡೆಯಬಾರದೆಂದು 1998ರ ಕೃತಿಸ್ವಾಮ್ಯದ ಕಾನೂನು ವಿಧಿಸುತ್ತದೆ. ಫೋನುಗಳಿಗೆ ಮೊದಲು ದೊರೆತಿದ್ದ ವಿನಾಯಿತಿಯನ್ನು 2012ರ ಅಕ್ಟೋಬರಿನಲ್ಲಿ ಹೊಸ ಫೋನುಗಳ ಮಟ್ಟಿಗೆ ಮುಂದುವರಿಸದೆ ಬಿಡಲಾಯಿತು. ಅದರಂತೆ 2013ರ ಜನವರಿ 26ರ ಮೇಲೆ ಕೊಂಡ ಫೋನಿನ ಬೀಗವನ್ನು ಕಂಪನಿಯ ಅನುಮತಿಯಿಲ್ಲದೆ ತೆಗೆಯುವುದು ಅಪರಾಧವೆನಿಸಿತು. ಒಂದು ಲಕ್ಷಕ್ಕೂ ಮಿಕ್ಕಿ ಜನರು ರುಜು ಹಾಕಿ ಸರ್ಕಾರಕ್ಕೆ ಬಿನ್ನವತ್ತಳೆಯನ್ನು ಸಲ್ಲಿಸಿದರು. ಹಣ ತೀರಿಸಿದ ಗಿರಾಕಿಗಳ ಫೋನುಗಳ ಬೀಗವನ್ನು ತೆಗೆದುಕೊಡುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ದೊಡ್ಡ ಕಂಪನಿಗಳು ಒಪ್ಪಿಕೊಂಡವು. ಕೊನೆಗೆ 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮರು ರುಜು ಹಾಕಿದ ಕಾನೂನು ಆ ವಿನಾಯಿತಿಯನ್ನು ಮರಳಿ ಕೊಟ್ಟಿತು. ಪೂರ್ತಿ ಹಣ ತೆತ್ತು ಕೊಂಡ ವಸ್ತುವು ಕೊಂಡವನ ಸ್ವತ್ತೆಂಬ ಸಾಮಾನ್ಯ ನ್ಯಾಯವನ್ನು ಸ್ಥಾಪಿಸಲು ಇಷ್ಟು ಶ್ರಮ ಬೇಕಾಯಿತೆಂಬುದನ್ನು ಗಮನಿಸಬೇಕು.

ಹಾಗಾದರೆ ಕಟ್ಟಿಗೆ ಒಳಗಾಗುವುದೇ ತಪ್ಪೆ? ಹಾಗೆ ಹೇಳಲಾಗದು. ಮನುಷ್ಯನ ಬಾಳಿನಲ್ಲಿ ಶ್ರೇಷ್ಠವಾದುದೆಲ್ಲವೂ ಒಂದು ಕಟ್ಟೇ. ದಾಂಪತ್ಯ ಒಂದು ಕಟ್ಟು, ಕೊಟ್ಟ ಮಾತು ಒಂದು ಕಟ್ಟು, ವ್ರತವೂ ಕಟ್ಟೇ. ಅರಿತು ಒಪ್ಪಿಕೊಂಡ ಕಟ್ಟು ಮನುಷ್ಯನನ್ನು ಬೆಳೆಸುತ್ತದೆ. ಅರಿಯದೆ ಸಿಕ್ಕಿಕೊಂಡ ಕಟ್ಟು ಅವನನ್ನು ಕುಗ್ಗಿಸುತ್ತದೆ. ಸೇವಾ ಕಂಪನಿಯ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. ಒಂದೇ ಮನೆಯಲ್ಲಿ ನಾಲ್ಕು ಜನರಿದ್ದು, ಹೇಗೂ ಮೇಲುದರ್ಜೆಯ ಸೇವೆಯನ್ನೇ ಬಳಸುತ್ತ, ಮೂರು ವರ್ಷ ಅಲ್ಲಿಂದ ಕದಲದ ಕುಟುಂಬಕ್ಕೆ ಆ ರಿಯಾಯಿತಿಯು ನಿಜವಾದ ಲಾಭವೇ ಸರಿ. ಕೈಯಲ್ಲಿ ಒಮ್ಮೆಲೇ ಎಂಟುನೂರು ಡಾಲರ್ ಇಲ್ಲದ ಬಡ ಸಂಸಾರಕ್ಕೆ ತಿಂಗಳಿಗೆ ಇಪ್ಪತ್ತೆರಡು ಡಾಲರಿನ ಕಂತು ಆಸರೆಯಾಗುವುದು. ಫೋನು ಕೆಟ್ಟರೆ ಕೈಯಲ್ಲಿ ಹಿಡಿದುಕೊಂಡು ಹೋಗಿ ಕೇಳಲು ಒಂದು ಬಾಗಿಲಿರುತ್ತದೆ; ವಯಸ್ಸಾದವರಿಗೆ ಇದು ಸಣ್ಣ ಉಪಕಾರವಲ್ಲ. ಆದುದರಿಂದ ಆ ಮಾರ್ಗವೇ ಅಧರ್ಮ, ಇನ್ನೊಂದೇ ಧರ್ಮ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ.

ಇನ್ನೊಂದು ಮಾರ್ಗವನ್ನೂ ನೋಡೋಣ. ಆನ್‌ಲೈನ್ ಅಂಗಡಿಯಲ್ಲಿ ಪೂರ್ತಿ ಬೆಲೆಯನ್ನು ತೆತ್ತು ಬೀಗವಿಲ್ಲದ ಫೋನನ್ನು ಕೊಂಡರೆ ವ್ಯವಹಾರವು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಇಷ್ಟು ಕೊಟ್ಟೆ, ಇದನ್ನು ಪಡೆದೆ. ಇನ್ನು ನೀನು ನೀನೇ, ನಾನು ನಾನೇ. ಬೇಕಾದ ಕಂಪನಿಯ ಸಿಮ್ಮನ್ನು ಹಾಕಿಕೊಳ್ಳಬಹುದು. ದೊಡ್ಡ ಕಂಪನಿಗಳ ಗೋಪುರಗಳನ್ನೇ ಬಾಡಿಗೆಗೆ ಪಡೆದು ಕಡಿಮೆ ದರದಲ್ಲಿ ಸೇವೆ ಕೊಡುವ ಸಣ್ಣ ಕಂಪನಿಗಳೂ ಅಲ್ಲಿವೆ, ಅವುಗಳನ್ನು ಸೇರಬಹುದು. ತಾಯ್ನಾಡಿಗೆ ಬಂದಾಗ ಇಲ್ಲಿಯ ಸೇವೆಯನ್ನೂ ಪಡೆಯಬಹುದು. ಇದರಲ್ಲಿ ಸ್ವಾತಂತ್ರ್ಯವಿದೆಯೆಂಬುದರಲ್ಲಿ ಸಂಶಯವಿಲ್ಲ.

ಆದರೆ ಇಲ್ಲಿಯೂ ಒಂದು ಮರೆಯುಂಟು. ಕಂಪನಿಯ ಅಂಗಡಿಯಲ್ಲಿ ಬೆಲೆಯು ಮರೆಯಾದರೆ, ಇಲ್ಲಿ ಮಾರುವವನೇ ಮರೆಯಾಗುತ್ತಾನೆ. ಅಮೆಜಾನಿನಂಥ ದೊಡ್ಡ ಆನ್‌ಲೈನ್ ಅಂಗಡಿಯು ಒಂದು ಅಂಗಡಿಯಲ್ಲ, ಒಂದು ಸಂತೆ. 2000ನೆಯ ಇಸವಿಯಿಂದಲೇ ಅಲ್ಲಿ ಬೇರೆ ವ್ಯಾಪಾರಿಗಳೂ ತಮ್ಮ ಸರಕನ್ನು ಮಾರುತ್ತಿದ್ದಾರೆ; ಈಗ ಅಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಥ ಹೊರಗಿನ ವ್ಯಾಪಾರಿಗಳವೇ. ಒಂದೇ ಚಿತ್ರ, ಒಂದೇ ಹೆಸರು, ಆದರೆ ಮಾರುವವರು ಹಲವರು. ಹೊಸದೆಂದು ತಿಳಿದು ಕೊಂಡದ್ದು ರಿಪೇರಿಯಾದ ಹಳೆಯ ಫೋನಾಗಿರಬಹುದು; ಬೀಗವಿಲ್ಲವೆಂದುಕೊಂಡದ್ದಕ್ಕೆ ಬೀಗವಿರಬಹುದು; ಬೇರೆ ದೇಶಕ್ಕಾಗಿ ತಯಾರಾಗಿ, ಇಲ್ಲಿಯ ಗ್ಯಾರಂಟಿಗೆ ಸಲ್ಲದ್ದಾಗಿರಬಹುದು. 2018ರ ನವೆಂಬರಿನಲ್ಲಿ ಆಪಲ್ ಕಂಪನಿಯು ಅಮೆಜಾನಿನೊಡನೆ ಒಪ್ಪಂದ ಮಾಡಿಕೊಂಡು, ತನ್ನ ಅಧಿಕೃತ ಮಾರಾಟಗಾರರಲ್ಲದವರನ್ನು ಆ ಸಂತೆಯಿಂದ ಹೊರಗಿಡಿಸಿತು. 2023ರ ಜೂನ್ 27ರಿಂದ ಜಾರಿಗೆ ಬಂದ ಒಂದು ಕಾನೂನಿನಂತೆ, ಹೆಚ್ಚಿನ ವ್ಯಾಪಾರ ನಡೆಸುವ ಹೊರಗಿನ ಮಾರಾಟಗಾರರ ಗುರುತನ್ನು ಆನ್‌ಲೈನ್ ಸಂತೆಗಳು ಪರೀಕ್ಷಿಸಲೇಬೇಕಾಗಿದೆ. ಮುಖವನ್ನು ಕಾಣದ ವ್ಯವಹಾರದಲ್ಲಿ ವಿಶ್ವಾಸಕ್ಕೆ ಆಧಾರ ಬೇಕೆಂಬುದನ್ನೇ ಇವು ತೋರಿಸುತ್ತವೆ. ಆದುದರಿಂದ ಇಲ್ಲಿ ಕೊಳ್ಳುವವನು ಬೆಲೆಯನ್ನು ನೋಡುವ ಮೊದಲು ‘ಮಾರುವವರು ಯಾರು’ ಎಂಬ ಸಣ್ಣಕ್ಷರದ ಸಾಲನ್ನು ನೋಡಬೇಕು. ಫೋನು ಕೈಸೇರಿದೊಡನೆ ಅದರಲ್ಲಿ *#06# ಎಂದು ಒತ್ತಿ, ಕಾಣಿಸುವ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನ ಸಂಖ್ಯೆಯೊಡನೆ ಹೋಲಿಸಬೇಕು. ಮರಳಿಸುವ ಅವಧಿ ಮುಗಿಯುವುದರೊಳಗೆ ಬೇರೆ ಕಂಪನಿಯ ಸಿಮ್ಮನ್ನು ಹಾಕಿ ಪರೀಕ್ಷಿಸಬೇಕು.

ಇದೆಲ್ಲವನ್ನೂ ತೂಗಿ ನೋಡಿ ನಾವು ಆ ರಾತ್ರಿಯೇ ಆನ್‌ಲೈನ್ ಅಂಗಡಿಯಿಂದ, ತಯಾರಕರೇ ನೇಮಿಸಿದ ಮಾರಾಟಗಾರರನ್ನು ನೋಡಿ, ಫೋನನ್ನು ತರಿಸಲು ನಿಶ್ಚಯಿಸಿದೆವು. ಮಗನು ಗುಂಡಿಯನ್ನೊತ್ತಿ ಹಣ ಸಂದಾಯ ಮಾಡಿದನು. ಲೆಕ್ಕವೂ ಸರಿಯಾಯಿತು, ಕಟ್ಟಿನಿಂದಲೂ ಪಾರಾದೆವೆಂದು ನಾನು ತೃಪ್ತಿಯಿಂದ ಎದ್ದೆನು. ಆಗ ಮೊಮ್ಮಗಳು ಕೇಳಿದಳು: “ಅಜ್ಜಾ, ಆ ಅಂಗಡಿಯವನು ನಮಗೆ ಅಷ್ಟು ಹೊತ್ತು ಹೇಳಿಕೊಟ್ಟನಲ್ಲ, ಅವನಿಗೆ ಏನು ಕೊಟ್ಟಿರಿ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿಯ ಇಂಥ ಅಂಗಡಿಗಳಲ್ಲಿ ಕೆಲಸ ಮಾಡುವವರ ಸಂಪಾದನೆಯಲ್ಲಿ ಒಂದು ಪಾಲು, ಅವರು ಮಾಡಿಸಿದ ಮಾರಾಟದ ಮೇಲೆ ಬರುವ ಕಮಿಷನ್ ಆಗಿರುವುದು ಸಾಮಾನ್ಯ. ನಮಗೆ ಯಾವ ಫೋನು ತಕ್ಕದ್ದೆಂಬ ಅರಿವು ಆನ್‌ಲೈನ್ ಅಂಗಡಿಯಿಂದ ಬಂದುದಲ್ಲ. ಅದು ಆ ಯುವಕನ ಒಂದು ಗಂಟೆಯ ಕಾಯಕದಿಂದ ಬಂದುದು. ಅವನ ಕಾಯಕದ ಫಲವನ್ನು ಮನೆಗೆ ತಂದು, ಅದರ ಬೆಲೆಯನ್ನು ಬೇರೊಬ್ಬನಿಗೆ ಕೊಟ್ಟೆವು. ಅದುವರೆಗೆ ‘ಪುಕ್ಕಟೆ’ ಎಂಬ ಶಬ್ದವನ್ನು ಹಿಡಿದು ಕಂಪನಿಯನ್ನು ವಿಚಾರಣೆಗೆ ನಿಲ್ಲಿಸಿದ್ದ ನಾನು, ಅದೇ ದಿನ ಒಬ್ಬ ಬಡ ಹುಡುಗನ ದುಡಿಮೆಯನ್ನು ಪುಕ್ಕಟೆಯಾಗಿ ಪಡೆದಿದ್ದೆನು! ಕಂಪನಿಯಾದರೂ ತನ್ನ ಷರತ್ತುಗಳನ್ನು ಕಾಗದದಲ್ಲಿ ಬರೆದಿತ್ತು. ‘ಆಲೋಚಿಸಿ ಬರುತ್ತೇವೆ’ ಎಂದು ನಾನು ಆಡಿದ ಮಾತಿನ ಹಿಂದೆ ಏನಿತ್ತೆಂಬುದು ಎಲ್ಲಿಯೂ ಬರೆದಿರಲಿಲ್ಲ.

ಇದಕ್ಕೆ ಸಮಾಧಾನ ಹೇಳುವವರುಂಟು. ಗಿರಾಕಿಗೆ ತೋರಿಸುವುದು ಅಂಗಡಿಯವನ ಕೆಲಸ. ತೋರಿಸಿದ ಮಾತ್ರಕ್ಕೆ ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ. ಹತ್ತು ಜನರು ನೋಡಿ ಹೋದರೆ ಇಬ್ಬರು ಕೊಳ್ಳುವರೆಂಬುದು ಅವನ ಲೆಕ್ಕದಲ್ಲಿಯೇ ಸೇರಿದೆ ಎನ್ನುವರು. ಈ ಮಾತು ಸುಳ್ಳಲ್ಲ. ಕೊಳ್ಳುವ ಮನಸ್ಸಿನಿಂದ ಹೋಗಿ, ಒಪ್ಪಿಗೆಯಾಗದೆ ಮರಳಿ ಬಂದವನಲ್ಲಿ ದೋಷವಿಲ್ಲ. ಆದರೆ ನಾವು ಹೊರಡುವಾಗಲೇ, “ಅಲ್ಲಿ ಕಣ್ಣಾರೆ ನೋಡಿಬರೋಣ, ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳೋಣ” ಎಂದು ಮಾತಾಡಿಕೊಂಡೇ ಹೊರಟಿದ್ದೆವು. ಎರಡೂ ಸಂದರ್ಭಗಳಲ್ಲಿ ಹೊರಗಿನ ನಡೆ ಒಂದೇ, ಒಳಗಿನ ಮನಸ್ಸು ಬೇರೆ. ಮನಸ್ಸಿಗೆ ಮನಸ್ಸೇ ಸಾಕ್ಷಿಯಾಗಿರುವಲ್ಲಿ ಸಮಾಧಾನದ ಮಾತುಗಳು ಬಹಳ ಹೊತ್ತು ನಿಲ್ಲುವುದಿಲ್ಲ.

ಮರುವಾರ ನಾನೂ ಮೊಮ್ಮಗಳೂ ಆ ಅಂಗಡಿಗೆ ಮತ್ತೆ ಹೋದೆವು. ಫೋನಿಗೆ ಬೇಕಾದ ಕವಚವನ್ನೂ ಗಾಜಿನ ಹೊದಿಕೆಯನ್ನೂ ಅವನಲ್ಲಿಯೇ ಕೊಂಡು, ನಡೆದುದನ್ನು ಹೇಳಿಬಿಡಬೇಕೆಂದು ನನ್ನ ಸಂಕಲ್ಪ. ಆ ಯುವಕನು ಅಲ್ಲಿರಲಿಲ್ಲ. ಬೇರೆ ಊರಿನ ಅಂಗಡಿಗೆ ಹೋದನೆಂದು ತಿಳಿಯಿತು. ಕವಚವನ್ನು ಕೊಂಡು ಹಿಂತಿರುಗಿದೆವು. ಋಣವು ತೀರಲಿಲ್ಲ. ಫೋನಿನ ಮೇಲೆ ಒಂದು ಕಂತೂ ಬಾಕಿ ಇಲ್ಲವೆಂದು ಮಗನ ಲೆಕ್ಕದ ಪುಸ್ತಕವು ಹೇಳುತ್ತದೆ. ನನ್ನ ಪುಸ್ತಕದಲ್ಲಿ ಒಂದು ಬಾಕಿ ಇಂದಿಗೂ ನಿಂತಿದೆ.

ಆದುದರಿಂದ ಯಾವ ಅಂಗಡಿಯಲ್ಲಿ ಕೊಳ್ಳುವುದು ಧರ್ಮವೆಂದು ಯಾರಾದರೂ ನನ್ನನ್ನು ಕೇಳಿದರೆ, ಅಂಗಡಿಯ ಹೆಸರನ್ನು ನಾನು ಹೇಳಲಾರೆನು. ಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ತನ್ನನ್ನು ತಾನೇ ಕೇಳಿಕೊಳ್ಳಿರೆಂದು ಮಾತ್ರ ಹೇಳುವೆನು. ಮೊದಲನೆಯದು: ಈ ವ್ಯವಹಾರವನ್ನು ಪೂರ್ತಿಯಾಗಿ, ಒಂದಂಶವನ್ನೂ ಬಿಡದೆ, ಮನೆಯ ಹಿರಿಯರ ಮುಂದೆ ಬಾಯಿಬಿಟ್ಟು ಹೇಳಬಲ್ಲೆನೆ? ‘ಪುಕ್ಕಟೆ’ ಎಂದು ನಿಲ್ಲಿಸದೆ, ‘ಮೂವತ್ತಾರು ತಿಂಗಳು, ತಿಂಗಳಿಗಿಷ್ಟು, ನಡುವೆ ಬಿಟ್ಟರೆ ಇಷ್ಟು’ ಎಂದು ಹೇಳಿದ ಮೇಲೂ ಆ ಕಟ್ಟನ್ನು ಒಪ್ಪಬಲ್ಲೆನಾದರೆ ಅದು ಅರಿತು ಹೊತ್ತ ಋಣ, ಅದರಲ್ಲಿ ಅವಮಾನವಿಲ್ಲ. ಎರಡನೆಯದು: ನನಗೆ ಬಂದ ಈ ಅಗ್ಗದಲ್ಲಿ ಯಾರಾದರೂ ಕೂಲಿಯಿಲ್ಲದೆ ದುಡಿದಿದ್ದಾರೆಯೆ? ಒಬ್ಬನ ಅಂಗಡಿಯಲ್ಲಿ ಅರಿವನ್ನು ಪಡೆದವನು ಬೆಲೆಯು ಅಲ್ಪಸ್ವಲ್ಪ ಹೆಚ್ಚಾದರೂ ಅಲ್ಲಿಯೇ ಕೊಳ್ಳುವುದು ಲೇಸು. ಅದು ಸಾಧ್ಯವಿಲ್ಲದಿದ್ದರೆ, “ನಾನು ಆನ್‌ಲೈನಿನಲ್ಲಿ ಕೊಳ್ಳುವವನು, ನಿಮಗೆ ಬಿಡುವಿದ್ದರೆ ತೋರಿಸಿ” ಎಂದು ಮೊದಲೇ ಹೇಳಲಿ. ಆಗ ಅವನು ತೋರಿಸಿದರೆ ಅದು ದಾನವಾಗುತ್ತದೆ. ಹೇಳದೆ ಪಡೆದರೆ ಕಳವಿಗೆ ಹತ್ತಿರವಾಗುತ್ತದೆ. ನಮ್ಮೂರಿನ ಪೇಟೆಯ ಸಣ್ಣ ಮೊಬೈಲ್ ಅಂಗಡಿಯ ವಿಷಯದಲ್ಲಿಯೂ ಈ ಮಾತು ಅಷ್ಟೇ ಸಲ್ಲುವುದೆಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಹಳೆಯದು: ಇದು ನನಗೆ ಬೇಕೆ? ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದಾಗ, ಲಕ್ಕಮ್ಮನವರು ಆ ಹೆಚ್ಚಳವನ್ನು ಮರಳಿ ಅಲ್ಲಿಯೇ ಹಾಕಿಬರಲು ಹೇಳಿದ ಸಂಗತಿ ನಮ್ಮ ಮನೆಮನೆಗೂ ತಿಳಿದುದು. ಆ ಅಕ್ಕಿಗೂ ಯಾರೂ ಬೆಲೆ ಕಟ್ಟಿರಲಿಲ್ಲ, ಅದೂ ಪುಕ್ಕಟೆಯೇ. ಆದರೂ ಬೇಕಾದುದಕ್ಕಿಂತ ಹೆಚ್ಚಾಗಿ ಬಂದುದನ್ನು ಆ ತಾಯಿಯು ಭಾರವೆಂದೇ ಎಣಿಸಿದರು. ಕೈಯಲ್ಲಿರುವ ಫೋನು ಸರಿಯಾಗಿ ಮಾತಾಡುತ್ತಿರುವಾಗ, ಪುಕ್ಕಟೆಯಾಗಿ ಬರುತ್ತದೆಂಬ ಕಾರಣಕ್ಕೆ ಇನ್ನೊಂದನ್ನು ತಂದು ಮೂರು ವರ್ಷ ಕಟ್ಟಿಸಿಕೊಳ್ಳುವವನು ಈ ಪ್ರಸಂಗವನ್ನು ಒಮ್ಮೆ ನೆನೆದರೆ ಸಾಕು.

ಅಗ್ಗ ತುಟ್ಟಿಗಳ ಲೆಕ್ಕವನ್ನು ಗೃಹಸ್ಥನು ಬಿಡಬೇಕಾಗಿಲ್ಲ. ಬಿಟ್ಟರೆ ಸಂಸಾರ ನಡೆಯದು. ಆ ಲೆಕ್ಕದ ಕೆಳಗೆ ಇನ್ನೊಂದು ಸಾಲನ್ನು ಬರೆದುಕೊಳ್ಳುವ ಅಭ್ಯಾಸವನ್ನು ಮಾತ್ರ ಮಾಡಿಕೊಳ್ಳೋಣ. ನಾನು ಯಾರಿಗೆ ಎಷ್ಟು ಕೊಡಬೇಕಾಗಿದೆ, ಅದರಲ್ಲಿ ಎಷ್ಟನ್ನು ನಾನು ಒಪ್ಪಿಕೊಂಡಿದ್ದೇನೆ ಎಂಬುದೇ ಆ ಸಾಲು. ಅದನ್ನು ನಿತ್ಯವೂ ಪ್ರಾಮಾಣಿಕವಾಗಿ ಬರೆಯುವವನನ್ನು ಯಾವ ಅಂಗಡಿಯೂ ಸುಲಭವಾಗಿ ವಂಚಿಸಲಾರದು. ಅವನಿಂದ ಯಾವ ಅಂಗಡಿಯೂ ವಂಚಿತವಾಗದು. ನಮ್ಮ ಮಕ್ಕಳು ಮೊಮ್ಮಕ್ಕಳು ಯಾವ ದೇಶದಲ್ಲಿದ್ದರೂ ಈ ಒಂದು ಸಾಲನ್ನು ಮರೆಯದಂತೆ ಅವರಿಗೆ ಕಲಿಸೋಣ. ಅವರು ಕೇಳಿದಾಗ, ಅವರಿಂದ ನಾವೂ ಕಲಿಯೋಣ.